ಮೊರದಲ್ಲಿ ಕೇರಿದ ಇಂಗ್ಲಿಷು

ನಾನು ಐದನೇ ಕ್ಲಾಸಿನಲ್ಲಿದ್ದ ಕಾಲ. ಆಗೆಲ್ಲ ನುಗ್ಗೇಹಳ್ಳಿ ಸುತ್ತಿನ ಹೆಣ್ಣುಮಕ್ಕಳ ಓದು ನಿಲ್ಲುತ್ತಿದ್ದದ್ದು ಇಂಗ್ಲಿಷಿನ ಹತ್ತಿರ. ಗಣಿತವನ್ನು ಹೇಗೋ ದಾಟಿಬಿಡುತ್ತಿದ್ದರು, ಇಂಗ್ಲಿಷು ಮಾತ್ರ ಹಿಡಿದು ಕೂರಿಸಿಬಿಡುತ್ತಿತ್ತು. ನಮ್ಮ ಮನೆಯಲ್ಲಿ ಹಾಗೆ ಕೂತವಳು ಜಯತ್ತೆ, ಅಪ್ಪನ ಕೊನೇ ತಂಗಿ. ಎಸ್ಸೆಸ್ಸೆಲ್ಸಿಯಲ್ಲಿ ಮಿಕ್ಕಿದ್ದೆಲ್ಲ ಪಾಸು, ಇಂಗ್ಲಿಷು ಎರಡು ಸಲ ಫೇಲು. ಹಾಸನಕ್ಕೆ ಹೋಗಿ ನರ್ಸ್ ಟ್ರೈನಿಂಗ್ ಸೇರಬೇಕೆಂಬುದು ಅವಳ ಆಸೆ. ಎಸ್ಸೆಸ್ಸೆಲ್ಸಿ ಪಾಸಾಗದಿದ್ದರೆ ಅಲ್ಲಿ ಅರ್ಜಿಯನ್ನೂ ಕೊಡುತ್ತಿರಲಿಲ್ಲ.

ಸಂಕ್ರಾಂತಿ ಕಳೆದು ನಾಲ್ಕು ದಿನಕ್ಕೆ, ಊಟಕ್ಕೆ ಕೂತಾಗ ಅಪ್ಪ ಹೇಳಿದರು: "ಜಯ, ಇದೊಂದ್ ಸಲ ಕಟ್ಟು. ಆಗ್ಲಿಲ್ಲ ಅಂದ್ರೆ ಶಾಂತಿಗ್ರಾಮದೋರಿಗೆ ಹೂಂ ಅಂದ್ಬುಡಾನ. ಗಂಡಿನ ಕಡೆಯೋರು ಎಷ್ಟು ದಿನ ಅಂತ ಕಾದಾರು?"

ಜಯತ್ತೆ ಹಿತಕಿದಬೇಳೆ ಸಾರಿಗೆ ಅದ್ದಿದ ಮುದ್ದೆಯ ತುತ್ತನ್ನು ನುಂಗಿದಳು. ಆಮೇಲೆ "ಆಯ್ತು ಕಣಣ್ಣ" ಎಂದಳು.

ಓದಲು ಹೊತ್ತೆಲ್ಲಿತ್ತು? ಕಣದಿಂದ ಬಂದ ರಾಗಿ ಮೂಟೆಗಳು ನಡುಮನೆಯಲ್ಲಿ ಕೂತಿದ್ದವು. ಪುಸ್ತಕ ಹಿಡಿದು ಕೂತರೆ ಅಜ್ಜಿ ಕರೆಯುತ್ತಿದ್ದಳು, ಮೊರ ಹಿಡಿದು ಕೂತರೆ ಯಾರೂ ಕರೆಯುತ್ತಿರಲಿಲ್ಲ. ಅದಕ್ಕೇ ಜಯತ್ತೆ ನನಗೊಂದು ನೋಟ್‌ಬುಕ್ಕು ಕೊಟ್ಟಳು. ಅದರಲ್ಲಿ ಇಂಗ್ಲಿಷ್ ಕ್ರಿಯಾಪದಗಳ ಮೂರು ಮೂರು ರೂಪ, ಪಕ್ಕದಲ್ಲಿ ಕನ್ನಡ ಅಕ್ಷರದಲ್ಲಿ ಅದರ ಉಚ್ಚಾರ. ದಿನಾ ಸ್ಕೂಲು ಬಿಟ್ಟ ಮೇಲೆ ನಾನು ಜಗಲಿ ಮೇಲೆ ಹುರಿದ ಅವರೆಕಾಳು ಅಗಿಯುತ್ತ ಮೊದಲನೆಯದನ್ನು ಓದುವುದು, ಅವಳು ರಾಗಿ ಕೇರುತ್ತ ಮೂರನ್ನೂ ಹೇಳುವುದು.

ಮೊರ ಮೇಲೆದ್ದಾಗ ಗೋ. ರಾಗಿ ಮತ್ತೆ ಮೊರಕ್ಕೆ ಬಿದ್ದಾಗ ವೆಂಟ್. ಹೊಟ್ಟು ಅಂಗಳಕ್ಕೆ ಹಾರಿದಾಗ ಗಾನ್. ಕಮ್, ಕೇಮ್, ಕಮ್. ಈಟ್, ಏಟ್, ಈಟನ್. ಕತ್ತಿನ ಸುತ್ತ ರಾಗಿ ದೂಳಿನ ನವೆ, ಮೂಗಿನಲ್ಲಿ ಒಣ ಹುಲ್ಲಿನ ವಾಸನೆ. ತಪ್ಪಿದರೆ ನಾನು "ಊಹೂಂ" ಎನ್ನುತ್ತಿದ್ದೆ. ಇಪ್ಪತ್ತು ವರ್ಷದವಳು ಹತ್ತು ವರ್ಷದವಳ ಮಾತು ಕೇಳಿ ಅದೇ ರಾಗಿಯನ್ನು ಮತ್ತೆ ಕೇರುತ್ತಿದ್ದಳು.

ಒಂದು ಪದ್ಯದಲ್ಲಿ ಬಂದ 'ಬಿಹೆಲ್ಡ್' ಮಾತ್ರ ಅವಳ ಬಾಯಿಗೆ ಹತ್ತಲಿಲ್ಲ. ಬಿಹೋಲ್ಡ್, ಬಿಹೆಲ್ಡ್, ಬಿಹೆಲ್ಡ್.

"ಅದೇನೇ, ಒಂದ್ನೇ ಎಲ್ಡ್ ಸಲ ಒದರ್ತೀಯ? ಮೂರ್ನೇದು ಎಲ್ಲೋಯ್ತು?" ಎಂದಳು ಒಳಗಿನಿಂದ ಅಜ್ಜಿ.

"ಅವು ಅವಳಿ ಜವಳಿ ಕಣವ್ವ, ನೀ ಸುಮ್ಕಿರು."

ಮಜ್ಜಿಗೆಗೆಂದು ಬಂದ ರಿಟೈರ್ಡ್ ಮೇಷ್ಟ್ರನ್ನು ಜಯತ್ತೆ ಹಿಡಿದು ನಿಲ್ಲಿಸಿದಳು. "ನೋಡಿದ ಅನ್ನಕ್ಕೆ ಬ್ಯಾರೆ ಮಾತೈತಲ್ಲ ಸಾ, ಇದ್ಯಾಕೆ?"

ಮೇಷ್ಟ್ರು ಕಂಬಕ್ಕೆ ಒರಗಿದರು. "ಸಂತೇಲಿ ಬದನೆಕಾಯಿ ನೋಡಕ್ಕೆ ಈ ಮಾತು ಬರಲ್ಲ ಕಣಮ್ಮ. ಈಗ ಯಾರೂ ಮಾತಾಡ್ವಾಗ ಬಳಸಲ್ಲ, ಪದ್ಯ ಬರೆಯೋರು ಇಟ್ಕೊಂಡವ್ರೆ. ಕಾಲು ಅಲ್ಲೇ ನಿಂತೋಗಿ ಕಣ್ತುಂಬ ನೋಡ್ತೀಯಲ್ಲ, ಅದು."

"ಅಂಗಾರೆ ನಮ್ ಹಸ ಕೆಂಪಿ ಮೊದ್ಲು ಕರಾ ಹಾಕ್ದಾಗ ನಾನು ನೋಡಿದ್ದು?"

"ಅದೇ! ಅದ್ನೇ ಬರಿ."

ಅವತ್ತಿನಿಂದ ಆ ಮಾತು ಅವಳಿಗೆ ಮರೆತುಹೋಗಲಿಲ್ಲ.

ಏಪ್ರಿಲ್‌ನಲ್ಲಿ ಪರೀಕ್ಷೆ, ಚನ್ನರಾಯಪಟ್ಟಣದಲ್ಲಿ. ಜೊತೆಗೆಂದು ನನ್ನನ್ನು ಕಳಿಸಿದರು. ಕಾಂಪೌಂಡಿನ ಹೊರಗೆ ಹೊಂಗೆ ಮರದ ಕೆಳಗೆ ಕೂತರೆ ಕಿಟಕಿಯಲ್ಲಿ ಅವಳ ಜಡೆ, ಭುಜ ಕಾಣುತ್ತಿತ್ತು. ಅರ್ಧ ಗಂಟೆ ಬರೆದಳು. ಆಮೇಲೆ ಪೆನ್ನಿಟ್ಟು, ಬರೆಯುವ ರಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಮೆಲ್ಲಗೆ ಕೇರತೊಡಗಿದಳು. ನನಗೆ ನಗು ಬಂತು. ಅಷ್ಟರಲ್ಲಿ ಮೇಲ್ವಿಚಾರಕರು ಓಡಿ ಬಂದು ರಟ್ಟು, ಉತ್ತರ ಪತ್ರಿಕೆ ಎರಡನ್ನೂ ಕಿತ್ತುಕೊಂಡರು. ಜಯತ್ತೆ ಎದ್ದು ನಿಂತಳು. ಇನ್ನು ಶಾಂತಿಗ್ರಾಮವೇ ಎಂದುಕೊಂಡೆ.

ಒಳಗೆ ನಡೆದದ್ದನ್ನು ಅವಳು ವಾಪಸು ಬರುವಾಗ ಬಸ್ಸಿನಲ್ಲಿ, ಖಾರ ಹಚ್ಚಿದ ಸೌತೆಕಾಯಿ ತಿನ್ನುತ್ತ ಹೇಳಿದಳು.

"'ಯಾರಿಗಮ್ಮ ಸನ್ನೆ ಮಾಡ್ತಿದೀಯ?' ಅಂದ್ರು ಕಣೆ ಪುಟ್ಟಿ. 'ಸನ್ನೆ ಅಲ್ಲ ಸಾ, ಕೇರ್ತಾ ಇವ್ನಿ' ಅಂದೆ. 'ಏನ್ನ?' ಅಂದ್ರು. 'ಇಂಗ್ಲಿಷ್ನ' ಅಂದೆ."

"ಆಮೇಲೆ?"

"ಇಡೀ ರೂಮು ಗೊಳ್ ಅಂತು. 'ಎಲ್ಲಿ, ಬ್ರಿಂಗ್ ಹೇಳು' ಅಂತ ರಟ್ಟು ಕೊಟ್ರು. ಬ್ರಿಂಗ್, ಬ್ರಾಟ್, ಬ್ರಾಟ್, ಮೂರು ಸಲ ಕೇರ್ದೆ. ಅವ್ರಿಗೂ ನಗ ತಡ್ಯಕ್ಕಾಗ್ಲಿಲ್ಲ. 'ನಮ್ಮವ್ವನೂ ಇಂಗೇ ಕೇರೋಳು. ಕೂತ್ಕೊ, ಸದ್ದು ಮಾಡ್ದೆ ಕೇರು' ಅಂದ್ರು."

"ಬಿಹೆಲ್ಡ್ ಬಂದಿತ್ತಾ?"

"ಬಂದಿತ್ತು. ಕೆಂಪಿನೂ ಕರಾನೂ ಬರದ್ಬುಟ್ಟು ಬಂದಿವ್ನಿ."

ಫಲಿತಾಂಶದ ದಿನ ಅಪ್ಪ ಪಟ್ಟಣದಿಂದ ಸೈಕಲ್ಲಿನಲ್ಲಿ ಬಂದವರು ಇಳಿಯುವ ಮೊದಲೇ "ಆಯ್ತು ಕಣವ್ವ, ಆಯ್ತು!" ಎಂದು ಕೂಗಿದರು. ಅಜ್ಜಿ ಬೆಲ್ಲ ಹಂಚಿದಳು. ನಾನು ಓಣಿಯಲ್ಲೆಲ್ಲ ನನ್ನದೇ ಫಲಿತಾಂಶವೆಂಬಂತೆ ಸಾರಿಬಂದೆ. ಮಳೆಗಾಲ ಹಿಡಿಯುವ ಮೊದಲು ಜಯತ್ತೆ ತಗಡಿನ ಟ್ರಂಕು ಹಿಡಿದು ಹಾಸನದ ಬಸ್ಸು ಹತ್ತಿದಳು.

ಅವಳು ಒಳ್ಳೇ ನರ್ಸಾದಳು. ಅರಕಲಗೂಡು ಕಡೆ ಎಷ್ಟೋ ಮಕ್ಕಳು ಮೊದಲು ಕಂಡ ಮುಖ ಅವಳದು. ಈಗ ನಿವೃತ್ತಿಯಾಗಿ ಹೊಳೆನರಸೀಪುರದಲ್ಲಿದ್ದಾಳೆ, ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ನಮ್ಮ ಮನೆಗೆ ರಾಗಿ ಮಿಲ್ಲಿನಿಂದಲೇ ಸ್ವಚ್ಛವಾಗಿ ಬರುತ್ತದೆ. ನನ್ನ ಮಗಳು ಯಾವ ಮಾತಿನ ಅರ್ಥ ಬೇಕಾದರೂ ಮೊಬೈಲಿನಲ್ಲಿ ನೋಡಿಕೊಳ್ಳುತ್ತಾಳೆ, ಯಾರನ್ನೂ ಕೇಳಬೇಕಾಗಿಲ್ಲ. ಅದಕ್ಕೆ ನನ್ನ ತಕರಾರಿಲ್ಲ.

ಆದರೆ ಬಸ್ಸು ಹೋದ ಆ ಸಂಜೆ ನೋಟ್‌ಬುಕ್ಕು ಹಿಡಿದು ಅಭ್ಯಾಸಬಲದಿಂದ ಜಗಲಿಗೆ ಬಂದು ಕೂತಿದ್ದೆ. ಮೊದಲನೆಯದನ್ನು ಓದಿದೆ. ಎದುರಿಗೆ ಯಾರೂ ಇರಲಿಲ್ಲ. ಅವಳು ಪಾಸಾಗಲಿ ಎಂದು ಮೂರು ತಿಂಗಳು ದೇವರನ್ನು ಬೇಡಿದ್ದೆ. ಪಾಸಾದರೆ ಹೊರಟುಹೋಗುತ್ತಾಳೆ ಎಂಬುದೊಂದು ಮಾತ್ರ ನನಗೆ ಹೊಳೆದಿರಲಿಲ್ಲ.