ಬಾಲದ ಮನೆಗೆ ಮೊದಲ ಪಾಳಿ

ಬರೆಯುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಶಾಂತಾಬಾಯಿಯವರ ಮನೆಯ ಬಾಗಿಲು ನೀಲಿ ಎಂದು ನನ್ನ ದಿನಚರಿಯಲ್ಲಿ ಎರಡು ಕಡೆ ಬರೆದಿದ್ದೇನೆ, ಇನ್ನೊಂದು ಕಡೆ ಹಸಿರು ಎಂದಿದ್ದೇನೆ. ಆಗ ನಾನು ಐದನೆಯ ತರಗತಿಯೋ ಆರನೆಯದೋ, ಅದೂ ಗೊತ್ತಿಲ್ಲ. ಆದರೆ ನಮ್ಮೂರು ಮಸಗುಪ್ಪಿಯ ಆ ದಿನಗಳನ್ನು ನೆನೆದರೆ ಮೂಗಿಗೆ ಮೊದಲು ಬರುವುದು ಅಪ್ಪನ ಮೂರು ಗಾಲಿಯ ಟಂಟಂ ಗಾಡಿಯ ಡೀಸೆಲ್ ವಾಸನೆ. ಅದರ ಬೆನ್ನಿಗೇ ಬಿಸಿಲಿಗೆ ಬಾಡಿದ ಮೆಂತ್ಯಪಲ್ಲೆಯ ವಾಸನೆ. ಇವೆರಡನ್ನು ನಾನು ಕಟ್ಟಿ ಹೇಳುತ್ತಿಲ್ಲ ಎಂದು ಮಾತ್ರ ಆಣೆ ಮಾಡಬಲ್ಲೆ.

ಅಪ್ಪ ಊರಿನ ಕಾಯಿಪಲ್ಲೆಯನ್ನು ಗೋಕಾಕ, ಹುಕ್ಕೇರಿಯ ಸಂತೆಗಳಿಗೆ ಒಯ್ಯುತ್ತಿದ್ದರು. ಆ ವರ್ಷ ಡೀಸೆಲ್ ಬೆಲೆ ಏರತೊಡಗಿತು, ನಿಲ್ಲಲೇ ಇಲ್ಲ. ಮೊದಲು ದೂರದ ಹುಕ್ಕೇರಿ ಸಂತೆ ನಿಂತಿತು. ಆಮೇಲೆ ಗೋಕಾಕದಿಂದ ಬರುತ್ತಿದ್ದ ಕರದಂಟಿನ ಪೊಟ್ಟಣ ನಿಂತಿತು. ಒಂದು ದಿನ ಟಿವಿಯ ಡಿಶ್ಶಿನ ರೀಚಾರ್ಜ್ ಮುಗಿದಾಗ ಅಪ್ಪ ರಿಮೋಟನ್ನು ಗೋಡೆಯ ಮಾಡದಲ್ಲಿ ಇಟ್ಟು ಹೇಳಿದರು: "ಗಾಡಿ ಉಪಾಸ ಕೆಡವಿ ಡಬ್ಬಿಗೆ ಉಣಸಾಕ ಆಗೂದಿಲ್ಲ."

ಆ ಸಂಜೆ ನನ್ನ ಆಯಿ, ಅಂದರೆ ಅಪ್ಪನ ತಾಯಿ, ಕಟ್ಟೆಯಿಂದ ಎದ್ದು ಬಂದು ನೀಲಿ ಪರದೆಯ ಮುಂದೆ ನಿಂತಳು. "ಯಾಕೋ ಸುಮ್ಮಾಗೇತಿ ಇದು? ಓಣ್ಯಾಗ ಯಾರರ ತೀರಿಕೊಂಡಾರೇನು?"

ಆಯಿಗೆ ಇದ್ದದ್ದು ಒಂದೇ ಒಂದು ಧಾರಾವಾಹಿ. ಅದರ ಸೊಸೆ ಆಗ ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಳು. ಸ್ವಂತ ಸೊಸೆಗೆ, ಅಂದರೆ ನನ್ನ ಅವ್ವನಿಗೆ, ಜ್ವರ ಬಂದಾಗಲೂ ಆಯಿ ಅಷ್ಟು ಹಳಹಳಿಸಿರಲಿಲ್ಲ. ಇದು ಅವ್ವನ ಮಾತು.

ಓಣಿಯ ಎಲ್ಲ ಮನೆಗಳಲ್ಲೂ ಅದೇ ಕಥೆ. ಒಬ್ಬರಿಗೆ ಟ್ರ್ಯಾಕ್ಟರು, ಒಬ್ಬರಿಗೆ ಮೂಡಲಗಿಗೆ ಓಡಾಡುವ ಬೈಕು. ಗಾಡಿಯ ಎಣ್ಣೆ ಎಲ್ಲರ ಮನೆಯ ಟಿವಿಯನ್ನೂ ಕುಡಿದಿತ್ತು. ಆಗ ಉಪಾಯ ಹೇಳಿದವನು ಬಾಳಪ್ಪ ಕಾಕಾ, ಅಪ್ಪನ ತಮ್ಮ. ಹಿಡಕಲ್ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟಾಗ ನಮ್ಮ ತೂಬಿನ ನೀರನ್ನು ಹೊಲದಿಂದ ಹೊಲಕ್ಕೆ ತಿರುಗಿಸುವುದು ಅವನ ಕೆಲಸ. ಅವನ ತಲೆಯಲ್ಲಿ ಜಗತ್ತೆಲ್ಲ ಪಾಳಿಯ ಮೇಲೆ ನಡೆಯುತ್ತಿತ್ತು.

"ನೀರಿಗೆ ಪಾಳಿ ಐತಿ, ಟೀವಿಗೆ ಯಾಕ ಬ್ಯಾಡ?" ಎಂದ. "ತಿಂಗಳಿಗೊಂದು ಮನಿಯವ್ರು ರೀಚಾರ್ಜ್ ಮಾಡ್ರಿ. ಉಳದವ್ರು ಅವರ ಮನ್ಯಾಗ ಕುಂತು ನೋಡ್ರಿ. ಐದು ತಿಂಗಳಿಗೊಮ್ಮೆ ಖರ್ಚು."

ಎಲ್ಲರೂ ಹೂಂ ಎಂದರು. ಕಾಕಾ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಐದು ಹೆಸರು ಬರೆದು ನಮ್ಮ ಕಟ್ಟೆಯ ಗೋಡೆಗೆ ಅಂಟಿಸಿದ. ಮರುದಿನ ಅಪ್ಪ ಓದಿದರು.

"ಬಾಳ್ಯಾ, ಏನ್ ಬರದೀಯೋ ಇದು? ಮೊದಲ ಹೆಸರು ಶಾಂತಾಬಾಯೀದೈತಿ!"

ಕಾಕಾ ಬಂದು ನೋಡಿದ. ತೂಬಿನ ವಹಿಯ ಪಟ್ಟಿಯನ್ನೇ ಅವನು ಹಾಗೆ ಇಳಿಸಿಬಿಟ್ಟಿದ್ದ. ನಮ್ಮ ತೂಬಿನಲ್ಲಿ ಕಾಲುವೆಯ ಬಾಯಿಗೆ ಇರುವವರು ನೀರೆಲ್ಲ ಎಳೆದುಕೊಳ್ಳಬಾರದೆಂದು ಕಾಲುವೆಯ ತುದಿಯಲ್ಲಿರುವ ಬಾಲದ ಹೊಲಕ್ಕೇ ಮೊದಲ ಪಾಳಿ. ಬಾಲದ ಹೊಲ ಶಾಂತಾಬಾಯಿಯವರದು.

"ಕೈ ರೂಢಿ," ಎಂದ ಕಾಕಾ, ಮುಖ ಸಣ್ಣದು ಮಾಡಿ. "ಬರಕೋತ ಹ್ವಾದೆ. ರಾತ್ರಿನ ಹೋಗಿ ಅವ್ರಿಗೂ ಹೇಳಿ ಬಂದೇನಿ. ಆಕಿ ರೀಚಾರ್ಜೂ ಮಾಡ್ಯಾಳ."

ಶಾಂತಾಬಾಯಿಯವರ ಮನೆ ನಮ್ಮ ಓಣಿಯ ಕೊನೆಯ ಮನೆ, ಅವರ ಕೇರಿಯ ಮೊದಲ ಮನೆ. ಅವರು ಬೌದ್ಧರು. ಶಾಂತಾಬಾಯಿ ಘಟಪ್ರಭಾದ ಒಂದು ಆಸ್ಪತ್ರೆಯಲ್ಲಿ ನರ್ಸು. ಪೆಟ್ರೋಲಿನ ದೆಸೆಯಿಂದ ಅವರೂ ಸ್ಕೂಟಿ ಬಿಟ್ಟು ಬಸ್ಸು ಹತ್ತಿದ್ದರು. ಅವರ ಮಗಳು ಸುಜಾತಾ ನನ್ನ ಬೆಂಚಿನಲ್ಲೇ ಕೂರುತ್ತಿದ್ದಳು. ಹೊಲದಲ್ಲಿ ನಮಗೆ ಒಂದೇ ನೀರು. ಆದರೆ ನಮ್ಮ ಮನೆಯವರು ಯಾರೂ ಅವರ ಹೊಸ್ತಿಲು ದಾಟಿರಲಿಲ್ಲ. ಯಾಕೆ ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಕೇಳಬಾರದೆಂದು ಆ ವಯಸ್ಸಿಗೇ ತಿಳಿದಿತ್ತಲ್ಲ, ಅದು ಎಲ್ಲಿಂದ ತಿಳಿಯಿತೆಂದು ಈಗ ಹುಡುಕುತ್ತೇನೆ.

ಪಟ್ಟಿಯನ್ನು ಹರಿಯುವಂತಿರಲಿಲ್ಲ. ಹರಿದರೆ ತೂಬಿನ ನ್ಯಾಯವನ್ನೂ ಹರಿದಂತೆ. ಉಳಿದ ಮನೆಗಳವರು ನಮ್ಮ ಮನೆಯತ್ತ ನೋಡಿದರು. ಓಣಿಗೆ ಹಿರಿಯಳು ಆಯಿ. ಅವಳು ಹೋದರೆ ಎಲ್ಲರೂ ಹೋಗುತ್ತಾರೆ, ಇಲ್ಲದಿದ್ದರೆ ಯಾರೂ ಇಲ್ಲ.

ಶನಿವಾರ ಸಾಲೆಯಲ್ಲಿ ಸುಜಾತಾ ನನ್ನ ಕಡೆ ತಿರುಗದೆಯೇ ಕೇಳಿದಳು: "ಬರ್ತೀರೋ ಇಲ್ಲೋ? ನಮ್ಮವ್ವ ಎರಡ ದಿನದಿಂದ ಮನಿ ತಿಕ್ಕಾಕತ್ತಾಳ. ಬರಾಂಗಿಲ್ಲಂದ್ರ ಈಗ ಹೇಳಿಬಿಡು."

ನಾನು ಪಾಟಿಚೀಲದ ಗುಂಡಿ ಹಾಕುತ್ತ ತೆಗೆಯುತ್ತ ಕುಳಿತೆ.

ಭಾನುವಾರ ಮಧ್ಯಾಹ್ನ ಮಹಾಸಂಚಿಕೆ. ಊಟವಾದ ಮೇಲೆ ಆಯಿ ತನ್ನ ಕೌದಿಯನ್ನು ಬಗಲಿಗೆ ಸಿಕ್ಕಿಸಿಕೊಂಡು, ನೀರಿನ ತಂಬಿಗೆ ಹಿಡಿದು ಎದ್ದಳು. ಯಾರಿಗೂ ಏನೂ ಹೇಳಲಿಲ್ಲ. ನಾನು ಹಿಂದೆ ಓಡಿದೆ. ಆ ಕೌದಿ, ಆ ತಂಬಿಗೆ ಇಂದಿಗೂ ನನ್ನನ್ನು ಕಾಡುತ್ತವೆ. ಆಯಿ ಎಲ್ಲಿ ಹೋದರೂ ಮೊಣಕಾಲಿಗೆಂದು ಕೌದಿ, ಕೆಮ್ಮಿಗೆಂದು ನೀರು ಒಯ್ಯುತ್ತಿದ್ದಳೇ? ಅಥವಾ ಅವರ ಚಾಪೆ, ಅವರ ನೀರು ಬೇಡವೆಂದು ಅಂದು ಮಾತ್ರ ಒಯ್ದಳೇ? ಅವ್ವ "ಯಾವಾಗಲೂ" ಎನ್ನುತ್ತಾಳೆ. ಅವ್ವನಿಗೆ ಹಾಗೆ ಹೇಳುವ ಅಗತ್ಯವಿದೆ.

ನಮ್ಮ ಹಿಂದೆ ಒಂದೊಂದೇ ಬಾಗಿಲು ತೆರೆದು ಹೆಂಗಸರು ಬಂದರು. ಕೊನೆಯ ಮನೆಯ ಮುಂದೆ ಎಲ್ಲರೂ ಗುಂಪಾಗಿ ನಿಂತೆವು. ಒಳಗಿನಿಂದ ಧಾರಾವಾಹಿಯ ಸಂಗೀತ ಬಂತು. ಆಯಿ ನಿಂತೇ ಇದ್ದಳು. ಎಷ್ಟು ಹೊತ್ತು? ನನ್ನ ನೆನಪಿನಲ್ಲಿ ಅದು ಬಹಳ ಹೊತ್ತು.

ಶಾಂತಾಬಾಯಿ ಬಾಗಿಲಿಗೆ ಬಂದರು. ಒತ್ತಾಯ ಮಾಡಲಿಲ್ಲ, ಬೇಡಿಕೊಳ್ಳಲೂ ಇಲ್ಲ. "ಶುರುವಾಗೇತ್ರಿ. ಬರೋರು ಬರ್ರಿ. ಬಾಗಿಲದಾಗ ನಿಂತ್ರ ಒಳಗ ಗಾಳಿ ಬರಾಂಗಿಲ್ಲ."

"ಆ ಸೊಸಿ ಎಚ್ಚರಾದ್ಲೇನು?" ಎಂದು ಆಯಿ ಕೇಳಿದಳು.

"ಎಲ್ಲಿ ಎಚ್ಚರ ಆಕ್ಕಾಳ್ರಿ! ಸಲಾಯಿನ್ನ ಸೂಜಿ ನರಕ್ಕ ಹಚ್ಚೇ ಇಲ್ಲ, ಬಟ್ಟಿ ಮ್ಯಾಲೆ ಅಂಟಿಸ್ಯಾರ. ನೀವ ಬಂದು ನೋಡ್ರಿ."

"ಹೌದನ?" ಎನ್ನುತ್ತ ಆಯಿ ಒಳಗೆ ಹೋದಳು. ಅಷ್ಟೇ. ಹೊಸ್ತಿಲ ಮೇಲೆ ಅವಳ ಎಡಗಾಲು ಬಿತ್ತೋ ಬಲಗಾಲೋ, ನನಗೆ ಕಂಡದ್ದು ಸೀರೆಯ ಅಂಚು ಮಾತ್ರ. ಭೂಮಿ ನಡುಗಲಿಲ್ಲ, ಯಾರೂ ಕಿರುಚಲಿಲ್ಲ. ಓಣಿಯಷ್ಟು ದೊಡ್ಡದೇನೋ ಒಂದು, ಧಾರಾವಾಹಿಯ ಸೊಸೆಯ ಸಲಾಯಿನ್ನಿಗಾಗಿ ಸರಿದು ದಾರಿ ಬಿಟ್ಟಿತ್ತು.

ಒಳಗೆ ಡೆಟಾಲಿನ ವಾಸನೆ, ಹುರಿದ ಶೇಂಗಾದ ಘಮ. ಗೋಡೆಯಲ್ಲಿ ನೀಲಿ ಕೋಟಿನ ಫೋಟೋ, ಕೆಳಗೆ ಬಿಳಿ ಬುದ್ಧ, ಅವನ ಪಕ್ಕದಲ್ಲಿ ಸಾಲುಸಾಲು ಪುಸ್ತಕ. ಮನೆಯೊಳಗೆ ಅಷ್ಟು ಪುಸ್ತಕಗಳನ್ನು ನಾನು ನೋಡಿದ್ದು ಅದೇ ಮೊದಲು. ಟಿವಿಯನ್ನು ಮರೆತು ಅವನ್ನೇ ನೋಡುತ್ತ ಕುಳಿತೆ. ಸುಜಾತಾ ನನ್ನ ಕಿವಿಯಲ್ಲಿ, "ಬಾಯಿ ಮುಚ್ಚ, ನೊಣ ಹೊಕ್ಕಾವು," ಎಂದಳು.

ಶಾಂತಾಬಾಯಿ ಪ್ರತಿಯೊಂದು ದೃಶ್ಯಕ್ಕೂ ಟೀಕೆ ಹೇಳಿದರು. ಡಾಕ್ಟರು ಸ್ಟೆತಸ್ಕೋಪನ್ನು ಕಿವಿಗೆ ಉಲ್ಟಾ ಹಾಕಿಕೊಂಡಿದ್ದಾನೆ. ಎಚ್ಚರವಿಲ್ಲದವಳ ತುಟಿಗೆ ಬಣ್ಣ ಯಾರು ಹಚ್ಚಿದರು? ಆಯಿ ನಕ್ಕು ನಕ್ಕು ಕೆಮ್ಮಿದಳು. "ಹಂಗಾರ ಇಷ್ಟ ದಿನ ನಾ ಸುಳ್ಳಿಗೇ ಅತ್ತೇನೇನ ಶಾಂತವ್ವಾ?" ಅವಳು ಹಾಗೆ ಹೆಸರು ಹಿಡಿದು ಕರೆದದ್ದನ್ನು ನಾನು ಅಂದೇ ಮೊದಲ ಸಲ ಕೇಳಿದ್ದು.

ನಡುವೆ ಚಹಾ ಬಂತು, ಸ್ಟೀಲಿನ ಲೋಟಗಳಲ್ಲಿ. ಶಾಂತಾಬಾಯಿ ಒಂದನ್ನು ಆಯಿಯ ಮುಂದೆ ನೆಲದ ಮೇಲಿಟ್ಟು ಸುಮ್ಮನೆ ಹಿಂದೆ ಸರಿದರು. ಹೆಂಗಸರೆಲ್ಲ ಟಿವಿ ನೋಡುವಂತೆ ಮಾಡಿ ಆ ಲೋಟವನ್ನೇ ನೋಡಿದರು. ಆಯಿಯ ಕೈ ಅದರ ಕಡೆ ಹೋಯಿತು. ಅವಳು ಸೆರಗಿನಿಂದ ಬಿಸಿ ಲೋಟ ಹಿಡಿದು, ಊದಿ, ಸೊರ್ ಎಂದು ಕುಡಿದಳು. ಆ ಸದ್ದು ನನ್ನ ಕಿವಿಯಲ್ಲಿದೆ.

ಪಾಳಿ ಒಂದು ಸುತ್ತು ಪೂರ್ತಿ ನಡೆಯಿತು. ಸುಜಾತಾ ಮತ್ತು ಅವಳ ಅವ್ವ ನಮ್ಮ ಪಡಸಾಲೆಯಲ್ಲೂ ಕುಳಿತರು. ಎರಡನೆಯ ಸುತ್ತಿನ ಹೊತ್ತಿಗೆ ಡೀಸೆಲ್ ಬೆಲೆ ತುಸು ಇಳಿದು ಅಪ್ಪನ ಗಾಡಿ ಮತ್ತೆ ಹುಕ್ಕೇರಿಗೆ ಹೊರಟಿತು, ಮನೆಮನೆಗೂ ರೀಚಾರ್ಜ್ ಬಂತು. ಕಾಕಾನ ಹಾಳೆ ಮಳೆಗೆ ನೆನೆದು ಉದುರಿತು.

ಈಗ ಡೀಸೆಲ್ ಬೆಲೆ ಏರಿದರೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಸಣ್ಣ ಪ್ಯಾಕ್ ಹಾಕಿಸಿಕೊಂಡು ಒಬ್ಬೊಬ್ಬರೇ ಮೊಬೈಲಿನ ಮೇಲೆ ಬಗ್ಗುತ್ತೇವೆ. ಕೊನೆಯ ಮನೆಯ ಬಾಗಿಲು ಯಾವ ಬಣ್ಣದ್ದು ಎಂದು ಹೋಗಿ ನೋಡೋಣವೆಂದರೆ ಅದನ್ನು ಒಡೆದು ಕಟ್ಟಿದ್ದಾರೆ. ಹೊಸ ಮನೆಯ ಒಳಗೆ ನಾನು ಕಾಲಿಟ್ಟಿಲ್ಲ. ಯಾರೂ ತಡೆದಿಲ್ಲ, ಕಾರಣ ಹುಟ್ಟಿಲ್ಲ, ಅಷ್ಟೇ.

ಹೋದ ತಿಂಗಳು ಹುಕ್ಕೇರಿಯ ಬಸ್ ನಿಲ್ದಾಣದಲ್ಲಿ ಸುಜಾತಾ ಸಿಕ್ಕಳು. ಅಲ್ಲೇ ಕಾಲೇಜಿನಲ್ಲಿ ಕಲಿಸುತ್ತಾಳೆ. ಆ ಭಾನುವಾರದ ಮಾತು ಬಂತು. ನಾನು ಚಹಾದ ಸದ್ದಿನವರೆಗೆ ಬಂದಾಗ ಅವಳು ತಡೆದಳು.

"ನಿಮ್ಮ ಆಯಿ ಕುಡೀಲಿಲ್ಲ. ಲೋಟ ಹಿಡದ್ರು, ಮತ್ತ ಇಟ್ರು. ತಣ್ಣಗಾದ ಚಾ ನಾನ ಒಯ್ದು ದಾಸವಾಳದ ಬುಡಕ್ಕ ಚೆಲ್ಲಿದೆ. ನಮ್ಮವ್ವ ನೋಡಬಾರದಂತ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸು ಬಂತು, ಹತ್ತಿದಳು.

ಆಯಿ ಇನ್ನೂ ಇದ್ದಾಳೆ. ಕಿವಿ ಚುರುಕಾಗಿದೆ, ನೆನಪೂ ಇದೆ. ಬೇಕಾದ್ದು, ಬೇಡದ್ದು ಎರಡೂ. ಮೊನ್ನೆ ಊರಿಗೆ ಹೋದಾಗ ಅವಳಿಗೆ ಚಹಾ ಕೊಟ್ಟು ಪಕ್ಕದಲ್ಲಿ ಕುಳಿತೆ. ಅವಳು ಸೆರಗಿನಿಂದ ಲೋಟ ಹಿಡಿದು ಊದುತ್ತಿದ್ದಳು.

"ಆಯಿ," ಎಂದೆ, "ಅವತ್ತ ಶಾಂತವ್ವನ ಮನ್ಯಾಗ ಚಾ ಕುಡದಿದ್ಯೋ, ಇಲ್ಲೋ?"

ಅವಳು ಊದುವುದನ್ನು ನಿಲ್ಲಿಸಿದಳು. ಓಣಿಯ ಕೊನೆಯ ಕಡೆ ನೋಡುತ್ತ, ಲೋಟವನ್ನು ಹಾಗೇ ಹಿಡಿದುಕೊಂಡು ಕುಳಿತಳು.