ಎರಡು ಹಿಡಿಯ ಬಟ್ಟಲು

ಚಿತ್ರಗಳ ಗಾಜು ಒರೆಸುವಾಗ ಟೀಚರ್ ಆಂಟಿ ಮೂಗು ತಾಗುವಷ್ಟು ಹತ್ತಿರ ಹೋಗಿ ಬಾಯಿಂದ ಹಬೆ ಬಿಡುತ್ತಿದ್ದರು. ಕನ್ನಡಕ ನೆತ್ತಿಯ ಬಿಳಿ ಕೂದಲಲ್ಲಿ ಸಿಕ್ಕಿಕೊಂಡಿರುತ್ತಿತ್ತು. ಹಬೆ ಆರುವ ಮೊದಲೇ ಗಂಡನ ಹಳೆಯ ಬನಿಯನ್ನಿನ ತುಂಡಿನಿಂದ ಒರೆಸಿ, "ನೋಡು, ಈಗ ಇವರಿಗೂ ನಾವು ಕಾಣಿಸ್ತೀವಿ" ಎನ್ನುತ್ತಿದ್ದರು. ಬನಿಯನ್ ಎಂದು ನನ್ನ ನೆನಪು. ದಿಂಬಿನ ಚೀಲ ಎನ್ನುತ್ತಾಳೆ ಅಮ್ಮ.

ಜುರಾಂಗ್ ಈಸ್ಟ್‌ನ ನಮ್ಮ ಬ್ಲಾಕಿನಲ್ಲಿ ಅವರದು ಪಕ್ಕದ ಮನೆ. ಕೋಲಾರದ ಮೆಥಡಿಸ್ಟ್ ಕ್ರೈಸ್ತ ಕುಟುಂಬದವರು. ಮದುವೆಯಾಗಿ ಸಿಂಗಪುರಕ್ಕೆ ಬಂದು, ಇಲ್ಲಿಯ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಗೋಡೆಯ ತುಂಬ ತಮ್ಮ ಪಂಥದ ಮೊದಲ ದಿನಗಳ ಅಚ್ಚುಚಿತ್ರಗಳನ್ನು ತೂಗುಹಾಕಿದ್ದರು. ಒಂದರಲ್ಲಿ ಪಂಥ ಕಟ್ಟಿದ ಬೋಧಕ ತನ್ನ ತಂದೆಯ ಸಮಾಧಿಯ ಮೇಲೆ ನಿಂತು ಉಪದೇಶ ಮಾಡುತ್ತಿದ್ದ. "ಚರ್ಚ್ ಒಳಗೆ ಬಿಡ್ಲಿಲ್ಲ. ಅಪ್ಪನ ಸಮಾಧಿಯಿಂದ ಯಾರು ಇಳಿಸ್ತಾರೆ, ಹೇಳು?" ಎನ್ನುತ್ತಿದ್ದರು ಆಂಟಿ. ಇನ್ನೊಂದರಲ್ಲಿ ಅವನ ಮರಣಶಯ್ಯೆಯ ಸುತ್ತ ಜನವೋ ಜನ. "ಆ ರೂಮಲ್ಲಿ ಇಷ್ಟು ಜನ ಹಿಡಿಯೋದೇ ಇಲ್ಲ. ಬರೆದೋನು ಧಾರಾಳಿ" ಎಂದು ನಗುತ್ತಿದ್ದರು. ಅವರ ಭಕ್ತಿಗೂ ನಗುವಿಗೂ ಜಗಳವಿರಲಿಲ್ಲ.

ಅವರಿಗೆ ತೀರಾ ಪ್ರಿಯವಾದದ್ದು ಒಂದು ಪಿಂಗಾಣಿ ಬಟ್ಟಲು. ಪಂಥದ ಶತಮಾನೋತ್ಸವದ ನೆನಪಿಗೆ ಮಾಡಿದ್ದಂತೆ. ಮೈಮೇಲೆ ಕಪ್ಪು ಶಾಯಿಯಲ್ಲಿ ಬೋಧಕನ ಮುಖ, ಎರಡೂ ಬದಿಗೆ ಹಿಡಿ. ಹಿಂದೆ ಪ್ರೀತಿಭೋಜನ ಎಂಬ ಕೂಟದಲ್ಲಿ ಇಂಥ ಬಟ್ಟಲಿನಿಂದ ಒಬ್ಬರು ನೀರು ಕುಡಿದು ಪಕ್ಕದವರಿಗೆ ದಾಟಿಸುತ್ತಿದ್ದರು, ತಮ್ಮ ಬದುಕಿನಲ್ಲಿ ನಡೆದದ್ದನ್ನು ಹೇಳಿಕೊಳ್ಳುತ್ತಿದ್ದರು. ದಾಟಿಸಲು ಸುಲಭವಾಗಲೆಂದೇ ಎರಡು ಹಿಡಿ.

ಕಾಯಿಲೆ ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಆಂಟಿ ಎಲ್ಲವನ್ನೂ ಚರ್ಚಿಗೆ ಕೊಡಲು ಒಪ್ಪಿದರು. ಅಲ್ಲಿ ಗಾಜಿನ ಕಪಾಟು ಸಿದ್ಧವಾಗಿತ್ತು. ಬಟ್ಟಲು ತೋರಿಸಿ, "ಅದರೊಳಗೆ ಹೋದ್ಮೇಲೆ ಇದಕ್ಕೆ ನೀರಿಲ್ಲ. ಮುಂಚೆ ಒಂದ್ಸಲ ನಿಮ್ಮಮ್ಮನ ಜೊತೆ ಇದರಲ್ಲಿ ಕುಡೀಬೇಕು ನಾನು. ಕೇಳ್ತೀಯಾ?" ಎಂದರು.

ಕೇಳುವುದು ಸುಲಭವಿರಲಿಲ್ಲ. ಅಮ್ಮ ಮೈಸೂರಿನವಳು, ಹಾಕರ್ ಸೆಂಟರಿಗೆ ತಿನ್ನಲು ಹೋದರೂ ತನ್ನ ಲೋಟ ಒಯ್ಯುವವಳು. ಆಂಟಿಯ ಮನೆಯಲ್ಲಿ ಎಷ್ಟೋ ವರ್ಷ ಕಾಫಿ ಕುಡಿದಿದ್ದಾಳೆ, ತುಟಿ ತಾಗಿಸದೆ, ಎತ್ತಿ.

"ಟೀಚರ್ ಮೇಲೆ ಪ್ರೀತಿ ಇಲ್ಲ ಅಂತಲ್ಲ ಕಣೇ. ಎಂಜಲು ಎಂಜಲೇ" ಎಂದಳು. ಸಂಜೆ ಸೀರೆ ಬದಲಿಸಿ ಬಂದು, "ನಡಿ" ಎಂದಳು.

ಆಂಟಿಯ ಅಡುಗೆಮನೆಯ ಮೇಜಿಗೆ ನಾವು ಮೂವರೇ. ಅವರು ಪ್ರಾರ್ಥಿಸಿ, ಒಂದು ಗುಟುಕು ಕುಡಿದು, ಬಟ್ಟಲನ್ನು ಚಾಚಿದರು. ಅಮ್ಮ ಎರಡೂ ಹಿಡಿ ಹಿಡಿದು, ತಲೆ ಹಿಂದಕ್ಕೆ ಬಾಗಿಸಿ, ಎತ್ತಿದಳು. ಅಗಲ ಬಾಯಿಯ ಬಟ್ಟಲು. ನೀರು ಮೂಗು, ಗದ್ದ, ಸೆರಗಿನ ಮೇಲೆಲ್ಲ ಸುರಿಯಿತು.

"ಅಯ್ಯೋ ಟೀಚರೇ, ನಿಮ್ಮ ಪಾದ್ರಿ ನಂಗೆ ಸ್ನಾನ ಮಾಡಿಸಿಬಿಟ್ಟ!"

"ದೀಕ್ಷಾಸ್ನಾನವೂ ಆಯ್ತು ಬಿಡ್ರೀ, ಭಾನುವಾರದಿಂದ ಚರ್ಚಿಗೆ ಬನ್ನಿ!"

ಆಂಟಿ ಕೆಮ್ಮು ಬರುವವರೆಗೆ ನಕ್ಕರು. ಮತ್ತೆ ನೀರು ತುಂಬಿ, ತಾವೂ ಬಟ್ಟಲೆತ್ತಿ ಮೇಲಿನಿಂದಲೇ ಸುರಿದುಕೊಂಡರು. ಅವರೂ ಒದ್ದೆ. "ಹೀಗೂ ಆಗುತ್ತೆ ಲಾ" ಎಂದು ಸಿಂಗಪುರದ ರಾಗದಲ್ಲಿ ಹೇಳಿ ಬಟ್ಟಲನ್ನು ಮತ್ತೆ ಅಮ್ಮನಿಗೆ ಕೊಟ್ಟರು.

ಅಮ್ಮ ತಕ್ಷಣ ಕುಡಿಯಲಿಲ್ಲ. "ಈ ಊರಿಗೆ ಬಂದಾಗ ನಂಗೆ ಲಿಫ್ಟ್ ಹತ್ತೋಕೂ ಭಯ. ನೀವು ಬಾಗಿಲು ತಟ್ಟಿ, ಕನ್ನಡದೋರಾ ಅಂತ ಕೇಳಿದ್ರಿ. ನೀವು ಹೋದ್ಮೇಲೆ ಕೂತ್ಕೊಂಡು ಅತ್ತುಬಿಟ್ಟೆ" ಎಂದಳು. ಆಮೇಲೆ ಕುಡಿದಳು.

ಆ ಸಲ ಅವಳು ಅಂಚಿಗೆ ತುಟಿ ತಾಗಿಸಿದಳು ಎಂದು ನನ್ನ ನೆನಪು. ಆದರೆ ನಾನು ಕುಳಿತಿದ್ದದ್ದು ಪಕ್ಕದಲ್ಲಿ. ಅವಳ ಕೈ ಅಡ್ಡವಿತ್ತು. ಕೆಲವೇ ವಾರಗಳಲ್ಲಿ ಆಂಟಿ ತೀರಿಕೊಂಡರು. ಮೊನ್ನೆ ಅಮ್ಮನನ್ನು ಕೇಳಿದೆ. "ಇಲ್ಲ, ಎತ್ತೇ ಕುಡ್ದಿದ್ದು" ಎಂದಳು, ನನ್ನತ್ತ ನೋಡದೆ. ನನಗೆ ಬೇಕಾದದ್ದನ್ನು ನಾನೇ ಕಂಡೆನೋ ಏನೋ. ಎದುರಿಗೆ ಕುಳಿತು ಸರಿಯಾಗಿ ನೋಡಿದವರು ಈಗಿಲ್ಲ.

ಇಷ್ಟು ಮಾತ್ರ ನಿಜ: ಆ ಸಂಜೆ ಬಟ್ಟಲು ತೊಳೆಯಲೆಂದು ನಾನು ಎದ್ದಾಗ ಆಂಟಿ ನನ್ನ ಕೈ ಹಿಡಿದರು. "ಬಿಡು, ಹಾಗೇ ಒಣಗಲಿ" ಎಂದರು. ಎಂಜಲು ಪಾತ್ರೆ ಕಂಡರಾಗದ ಅಮ್ಮ ಏನೂ ಹೇಳಲಿಲ್ಲ.