ಗಿರಣಿ ಕಾಕು ಎಬ್ಬಿಸಿ ನಿಲ್ಲಿಸಿ ಹೇಳಿಸಿದ ಸಾಲ

ಅಂದು ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ ಗಿರಣಿ ಕಾಕು ನಮ್ಮ ಬಾಗಿಲಿಗೆ ಬಂದಾಗ ಅವಳ ಕಣ್ಣರೆಪ್ಪೆಗಳ ಮೇಲೆ ಜೋಳದ ಹಿಟ್ಟು ಕೂತಿತ್ತು. ಹುಬ್ಬು ಬಿಳಿ, ಕಿವಿಯ ಅಂಚು ಬಿಳಿ, ಮೂಗುತಿಯ ಸುತ್ತ ಬಿಳಿ. ಬೆವರು ಇಳಿದ ಕಡೆಯಲ್ಲಷ್ಟೇ ಅವಳ ಮುಖದ ಬಣ್ಣ ಕಾಣುತ್ತಿತ್ತು. ಬೀದಿಯ ಆ ತುದಿಯಲ್ಲಿ ಗಿರಣಿ ಇನ್ನೂ ಸದ್ದು ಮಾಡುತ್ತಿತ್ತು. ಅದು ಓಡುತ್ತಿರುವಾಗ ಕಾಕು ಅದನ್ನು ಬಿಟ್ಟು ಹೊಸ್ತಿಲು ದಾಟಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ತಮ್ಮಾ, ನಿನ್ನ ತಂಗಿ ಎಲ್ಲಿ ಅದಾಳ?"

"ಕರೆಂಟ್ ಬಂದೈತಲಾ, ಮೋಟರ್ ಹಚ್ಚಾಕ ಹೊಲಕ್ಕ ಹೋಗ್ಯಾಳ. ಯಾಕ್ರಿ ಕಾಕು?"

ಅವಳು ಫೋನನ್ನು ನನ್ನ ಮುಖದ ಹತ್ತಿರ ಹಿಡಿದಳು. ಅದರಲ್ಲಿ ತಂಗಿಯ ಫೋಟೋ ಇತ್ತು. ಮುಖ ಅವಳದು, ಮೈ ಯಾರದೋ. ಕೆಳಗೆ ಹಿಂದಿಯಲ್ಲಿ ಬರೆದಿದ್ದರು: ಈ ಹುಡುಗಿ ನಮ್ಮ ಹಣ ತಿಂದು ಕೂತಿದ್ದಾಳೆ, ನೀವು ಇವಳ ಜಾಮೀನುದಾರರು, ಸಂಜೆಯೊಳಗೆ ಕಟ್ಟದಿದ್ದರೆ ಇದು ಊರಿನ ಎಲ್ಲರಿಗೂ ಹೋಗುತ್ತದೆ. ನಾನು ಓದಿ ಮುಗಿಸುವುದರೊಳಗೆ ಕಾಕು ಹೊಲದ ದಾರಿ ಹಿಡಿದಿದ್ದಳು. ತಿರುಗಿ ನೋಡದೆ ಹೇಳಿದಳು, "ನಿಮ್ಮ ಮೋಟರ್ ಸಪ್ಪಳ ಕೇಳವಲ್ದು. ಲಗೂನ ಬಾ."

ಅವಳು ನಮಗೆ ಸಂಬಂಧಿಯಲ್ಲ. ಮಹಾರಾಷ್ಟ್ರದ ಗಡಿಯೊಳಗಿನ ವಳಸಂಗದ ನಮ್ಮ ಓಣಿಗೆಲ್ಲ ಅವಳು ಕಾಕು, ಚಿಕ್ಕಮ್ಮ. ದಿನವಿಡೀ ಗಿರಣಿಯ ಸದ್ದಿನ ಮೇಲೆ ಕೂಗಿ ಮಾತಾಡಿ, ಮೆಲ್ಲಗೆ ಮಾತಾಡುವುದೇ ಅವಳಿಗೆ ಮರೆತುಹೋಗಿತ್ತು. ಸಣ್ಣವನಿದ್ದಾಗ ಹಿಟ್ಟಿನ ಡಬ್ಬಿ ಹೊತ್ತು ಅಲ್ಲಿಗೆ ಹೋಗಲು ನನಗೆ ನಾಚಿಕೆ. ಹತ್ತು ಜನರ ಮುಂದೆ, "ನಿಮ್ಮವ್ವಂದು ಹೋದ ವಾರದ ಬೀಸಿದ ರೊಕ್ಕ ಉಳದೈತಿ, ಹೇಳು ಆಕಿಗೆ!" ಎಂದು ಕೂಗುತ್ತಿದ್ದಳು. ಯಾರಾದರೂ ಮುಖ ಸಣ್ಣದು ಮಾಡಿದರೆ ತನ್ನ ಸಾಲದ ಕಂತನ್ನೂ ಅಷ್ಟೇ ಜೋರಾಗಿ ಹೇಳುತ್ತಿದ್ದಳು: "ನನಗೂ ಮೋಟರಿನ ಹಪ್ತೆ ಐತ್ಯವ್ವಾ, ಅದಕ್ಕ ಕೇಳ್ತೀನಿ. ನಾ ಏನ್ ಕದ್ದೀನೇನು, ನೀ ಏನ್ ಕದ್ದೀಯೇನು?"

ಓಣಿಯ ಹೆಂಗಸರ ಬಚತ್ ಗಟ್ಟನ್ನು, ಅಂದರೆ ಉಳಿತಾಯ ಸಂಘವನ್ನು, ನಡೆಸುತ್ತಿದ್ದವಳೂ ಅವಳೇ. ತಿಂಗಳಿಗೊಮ್ಮೆ ಗಿರಣಿಯ ಅಂಗಳದಲ್ಲಿ ಎಲ್ಲರೂ ಕೂಡುತ್ತಿದ್ದರು, ಸ್ವಲ್ಪ ಸ್ವಲ್ಪ ಹಣ ಹಾಕುತ್ತಿದ್ದರು, ಬೇಕಾದವರು ಸಾಲ ಪಡೆಯುತ್ತಿದ್ದರು. ಬೇರೆ ಗಟ್ಟುಗಳಲ್ಲಿ ಸಹಿ ಮಾಡಿದರೆ ಸಾಕು. ಕಾಕುವಿನ ಗಟ್ಟಿನಲ್ಲಿ ಸಾಲ ಬೇಕಾದವಳು ನಡುವೆ ಎದ್ದು ನಿಲ್ಲಬೇಕು. ಎಷ್ಟು ಬೇಕು, ಯಾಕೆ ಬೇಕು, ಈಗಾಗಲೇ ಯಾರ್‍ಯಾರಿಗೆ ಕೊಡಬೇಕು ಎಂಬುದನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಹಾಗೆ ಹೇಳಿದ ಮೇಲೆ ಆ ಮಾತನ್ನು ಯಾರೂ ಹಿಂದೆ ಆಡಿಕೊಳ್ಳುವ ಹಾಗಿಲ್ಲ. ಆಡಿಕೊಂಡವಳಿಗೆ ಮುಂದಿನ ಸಲ ಸಾಲವಿಲ್ಲ. ಎಲ್ಲರಿಗೂ ಜಾಮೀನು ಕಾಕು.

ತಂಗಿಯ ತಪ್ಪಿನಲ್ಲಿ ಆ ಜಾಮೀನಿನ ರೂಢಿಯೂ ಸೇರಿತ್ತು. ಅವಳು ಮಿರಜೆಯಲ್ಲಿ ನರ್ಸಿಂಗ್ ಓದಿದ್ದು ಬ್ಯಾಂಕಿನ ಶಿಕ್ಷಣ ಸಾಲದ ಮೇಲೆ. ಅಪ್ಪನೂ ಅದಕ್ಕೆ ಸಹಿ ಹಾಕಿದ್ದ. ಓದು ಮುಗಿಯಿತು, ಬ್ಯಾಂಕು ಕೊಟ್ಟ ಸಮಯವೂ ಮುಗಿಯಿತು, ಕೆಲಸ ಸಿಗಲಿಲ್ಲ. ಅಪ್ಪನಿಗೆ ಹಿಂದಿನ ವರ್ಷವಷ್ಟೇ ಎದೆನೋವು ಬಂದಿತ್ತು. ಬ್ಯಾಂಕಿನಿಂದ ಅವನಿಗೆ ಫೋನು ಬರಬಾರದೆಂದು ತಂಗಿ ಮೊಬೈಲಿನ ಒಂದು ಸಾಲದ ಆ್ಯಪಿನಿಂದ ಹಣ ತೆಗೆದು ಹಪ್ತೆ ಕಟ್ಟಿದಳು. ಅದನ್ನು ತೀರಿಸಲು ಇನ್ನೊಂದು ಆ್ಯಪು. ಅದರಲ್ಲಿ ನಿಮಗೆ ಗೊತ್ತಿರುವವರ ನಂಬರು ಕೊಡಿ ಎಂದು ಕೇಳಿದಾಗ ಯೋಚಿಸದೆ ಕಾಕುವಿನ ನಂಬರು ಒತ್ತಿದಳು. ನಮ್ಮ ಓಣಿಯಲ್ಲಿ ಸಾಲವೆಂದರೆ ಜಾಮೀನು ಕಾಕು. ಅವಳಿಗೆ ಬೇರೆ ಹೆಸರು ಹೊಳೆಯಲೇ ಇಲ್ಲವಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಹೊಲದಲ್ಲಿ ಮಳೆನೀರು ನಿಲ್ಲಿಸಲು ತೋಡಿದ ಹೊಂಡವಿದೆ. ಒಳಗೆಲ್ಲ ಕಪ್ಪು ಪ್ಲಾಸ್ಟಿಕ್ ಹಾಸಿದೆ, ಜಾರಿದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ತಂಗಿ ಅದರ ಏರಿಯ ಮೇಲೆ ಒಳಮುಖವಾಗಿ ಕೂತಿದ್ದಳು. ನಾನು ಕೂಗಲು ಬಾಯಿ ತೆರೆದೆ. ಕಾಕು ನನ್ನ ಅಂಗಿ ಹಿಡಿದು ಅಲ್ಲೇ ನಿಲ್ಲಿಸಿದಳು. ತಾನು ಮಾತ್ರ ನಡೆದುಹೋಗಿ, ಏದುಸಿರು ಬಿಡುತ್ತ, ತಂಗಿಯ ಪಕ್ಕದಲ್ಲಿ ಕಾಲು ಚಾಚಿ ಕೂತಳು. ಸಮಾಧಾನ ಹೇಳುತ್ತಾಳೆಂದು ನಾನು ತಿಳಿದಿದ್ದೆ. ಅವಳು ಜಗಳ ತೆಗೆದಳು.

"ಖೋಡಿ, ನನ್ನ ನಂಬರ್ ಕೊಟ್ಟೀಯಲ್ಲ, ನನ್ನ ಒಂದು ಮಾತು ಕೇಳಿದೇನು?"

ತಂಗಿ ಮುಖ ಆಚೆ ತಿರುಗಿಸಿದಳು.

"ಜಾಮೀನ್ ನಿಂತಾಕಿ ನಾ. ನನಗ ಲೆಕ್ಕಾ ಹೇಳಲಾರದ ಎಲ್ಲೂ ಹೋಗಾಂಗಿಲ್ಲ ನೀ. ಏಳು. ಗಿರಣಿ ಹಂಗ ಬಿಟ್ಟು ಬಂದೀನಿ, ಪಟ್ಟಾ ಹರದ್ರ ನಿಮ್ಮಪ್ಪ ಕೊಡ್ತಾನೇನು?"

"ಫೋಟೋ ಎಲ್ಲಾರಿಗೂ ಹೋಗ್ತೈತಿ ಕಾಕು," ತಂಗಿ ಅಂದಳು.

"ಹೋಗ್ಲಿ. ಅದಕ್ಕಿಂತ ಮೊದಲ ನಾವ ಹೋಗಿ ಎಲ್ಲಾರಿಗೂ ಹೇಳೂಣು. ಮೊದಲ ಕೈ ಹಿಡಿದು ನನ್ನ ಎಬ್ಬಸು, ಮೊಣಕಾಲು ಬರವಲ್ದು."

ತಂಗಿ ಎದ್ದಳು, ಕಾಕುವನ್ನು ಎಬ್ಬಿಸಿದಳು. ಆ ಎರಡು ಕೈಗಳು ಒಂದನ್ನೊಂದು ಹಿಡಿದದ್ದನ್ನು ನೋಡಿದ ಮೇಲೆ ನಾನು ಅವರ ಕಡೆ ನಡೆದೆ. ಇಂದಿಗೂ ಆ ಮಧ್ಯಾಹ್ನವನ್ನು ಮತ್ತೆ ಮತ್ತೆ ತಿರುಗಿಸಿ ನೋಡುತ್ತೇನೆ. ಗಿರಣಿಯ ಸದ್ದಿನಲ್ಲಿ ಕಾಕುವಿಗೆ ಫೋನು ಗೊತ್ತಾಗದೆ ಹೋಗಿದ್ದರೆ? ಬೀಸುವುದು ಮುಗಿಸಿ ಬರೋಣ ಅಂದುಕೊಂಡಿದ್ದರೆ? ನಾನು ಮನೆಯಲ್ಲೇ ಇದ್ದೆ. ಬೆಳಿಗ್ಗೆಯಿಂದ ತಂಗಿಯ ಎದುರಿಗೇ ಇದ್ದೆ. ನನಗೆ ಏನೂ ಕಂಡಿರಲಿಲ್ಲ.

ಸಂಜೆ ಕಾಕು ದಿನವಲ್ಲದ ದಿನ ಗಟ್ಟು ಕೂಡಿಸಿದಳು. ಅಪ್ಪ, ಅವ್ವನನ್ನೂ ಕರೆದು ಕೂರಿಸಿದಳು. ತಂಗಿಯನ್ನು ನಡುವೆ ನಿಲ್ಲಿಸಿದಳು.

"ಜೋರಾಗಿ ಹೇಳು. ಹಿಂದ ಕುಂತಾಕಿಗೂ ಕೇಳಬೇಕು."

ತಂಗಿ ಬ್ಯಾಂಕಿನದು ಎಷ್ಟು, ಆ್ಯಪಿನದು ಎಷ್ಟು, ಯಾಕೆ ತೆಗೆದೆ ಎಂದು ಹೇಳಿದಳು. ಫೋಟೋದ ಮಾತು ಬಂದಾಗ ಕಾಕುವಿನ ಕಡೆ ತಿರುಗಿದಳು. ಅದನ್ನು ಕಾಕು ಹೇಳಿದಳು: "ನಿಮ್ಮ ಫೋನಿಗೂ ಬರ್ತೈತಿ. ಅದು ಈಕಿ ಅಲ್ಲ. ಬಂದ್ರ ಈಕಿ ಅಣ್ಣನ ಕೈಯಾಗ ಕೊಡ್ರಿ, ಪೋಲೀಸರಿಗೆ ತೋರಸಬೇಕು. ಮನಿಯಾಗ ಗಂಡಸರಿಗೂ ಹೇಳ್ರಿ."

ಹಿಂದಿನಿಂದ ಒಬ್ಬಾಕೆ, "ಇಷ್ಟ ಸಾಲಿ ಕಲಿತಾಕಿ ಹಿಂಗ ಮಾಡಿದ್ರ ನಾವ್ ಏನ್ ಮಾಡೂಣು ಬಿಡ್ರಿ," ಎಂದಳು.

"ನೀ ಮಗಳ ಫೀ ಅಂತ ಹೇಳಿ ಇಳಕಲ್ ಸೀರಿ ತಗೊಂಡಾಕಿ, ಸುಮ್ನ ಕುಂದ್ರು," ಎಂದಳು ಕಾಕು. ಎಲ್ಲರೂ ನಕ್ಕರು, ಸೀರೆಯವಳೂ ನಕ್ಕಳು. ಅಪ್ಪ ಮಾತ್ರ ನಗಲಿಲ್ಲ. ಎದ್ದು ಹೋಗಿ ತಂಗಿಯ ಪಕ್ಕದಲ್ಲಿ ನಿಂತ. ಅವನ ಎದೆಗೆ ಏನೂ ಆಗಲಿಲ್ಲ.

ಆ ವಾರ ಫೋಟೋಗಳು ಬಂದವು. ಫೋಟೋ ಬಂದವರೆಲ್ಲ ಫೋನು ತಂದು ನನಗೆ ಕೊಟ್ಟರು, ಕೆಲವರು ತೆರೆದೂ ನೋಡಿರಲಿಲ್ಲ. ತಾಲೂಕಿನ ಊರು ಜತ್ತಿಗೆ ಹೋಗಿ ಪೋಲೀಸರಿಗೆ ದೂರು ಬರೆದುಕೊಟ್ಟೆವು. ಆ ಆ್ಯಪಿನವರಿಗೆ ಇನ್ನು ಒಂದು ಪೈಸೆ ಕಟ್ಟಬೇಡಿ ಎಂದರು. ಅಲ್ಲಿಂದ ಬ್ಯಾಂಕಿಗೆ. ಹಪ್ತೆ ಕಟ್ಟಲು ಆಗದಿದ್ದರೆ ಮೊದಲೇ ಬಂದು ಹೇಳಬಹುದಿತ್ತಲ್ಲ ಎಂದು ಮ್ಯಾನೇಜರು ಕೇಳಿದರು. ಕೆಲಸ ಸಿಗುವವರೆಗೆ ಸಮಯ ಕೊಡಲು, ಹಪ್ತೆ ಸಣ್ಣದು ಮಾಡಲು ಅರ್ಜಿ ತೆಗೆದುಕೊಂಡರು. ಇಷ್ಟು ಸುಲಭದ ಮಾತಿಗಾಗಿ ತಂಗಿ ಆ ಏರಿಯವರೆಗೆ ಹೋಗಿದ್ದಳು.

ಎಲ್ಲವೂ ಸುಖವಾಗಿ ಮುಗಿಯಲಿಲ್ಲ. ಡಫಳಾಪುರದಿಂದ ತಂಗಿಗೆ ಬಂದಿದ್ದ ಸಂಬಂಧ ಮುರಿಯಿತು. ಸಾಲದ ಸುದ್ದಿ ಅವರಿಗೂ ಮುಟ್ಟಿತ್ತು. ತಂಗಿ ಕಾಕುವಿನ ಜೊತೆ ಮಾತು ಬಿಟ್ಟಳು. ಜೋಳವನ್ನು ಸೈಕಲ್ಲಿನ ಮೇಲೆ ದೂರದ ಗಿರಣಿಗೆ ಒಯ್ಯತೊಡಗಿದಳು. ನಾನು ಕಾಕುವಿನ ಮುಂದೆ ಬೇಜಾರು ಮಾಡಿಕೊಂಡಾಗ ಅವಳು ಕಲ್ಲಿನ ಮೇಲಿನ ಹಿಟ್ಟು ಬಳಿಯುತ್ತ ಹೇಳಿದಳು, "ಮದವಿ ಮುರದದ್ದು ನನ್ನ ಬಾಯಿಂದನ, ಖರೆ. ಸಿಟ್ಟು ಮಾಡ್ಲಿ ಬಿಡು. ಸಿಟ್ಟು ಮಾಡಾಕ ಜೀವ ಇರಬೇಕಲಾ ತಮ್ಮಾ, ಐತಲಾ."

ಮುಂದೆ ತಂಗಿಗೆ ಸಾಂಗ್ಲಿಯ ಒಂದು ಆಸ್ಪತ್ರೆಯಲ್ಲಿ ಕೆಲಸವಾಯಿತು. ಮೊದಲ ಪಗಾರದ ಮೇಲೆ ಊರಿಗೆ ಬಂದವಳು ಮನೆಗೆ ಬರುವ ಮೊದಲು ಗಿರಣಿಗೆ ಹೋದಳು. ಕಾಕು ಹೊರಗೆ ಕೇಳುವಂತೆಯೇ ಕೇಳಿದಳು, "ಹಪ್ತೆ ಕಟ್ಟಿ ಬಂದೇನು?"

"ಕಟ್ಟೀನ್ರಿ. ಗಟ್ಟಿಗೆ ಹಾಕೂ ರೊಕ್ಕಾನೂ ತಂದೀನಿ. ಉಳದದ್ದು ಎಲ್ಲಾ ಅಪ್ಪಗ ಕೊಡ್ತೀನಿ."

"ಎಲ್ಲಾ ಕೊಟ್ಟು ಮುಂದಿನ ತಿಂಗಳ ಏನ್ ತಿಂತಿ? ಮತ್ತ ಫೋನಿನ್ಯಾಗ ಸಾಲ ಹುಡುಕ್ತೀ? ಬಾಡಿಗಿ, ಊಟ ತಗದಿಡು. ಒಂದು ಚಲೋ ಚಪ್ಪಲ್ ತಗೋ, ದಿನಾ ನಿಂತು ದುಡಿಯಾಕಿ ನೀ. ಉಳದ್ರ ಅಪ್ಪಗ."

ಅಂದಿನಿಂದ ಇಬ್ಬರಿಗೂ ಮತ್ತೆ ಮಾತಾಯಿತು. ತಂಗಿ ಇಂದಿಗೂ ಪಗಾರವನ್ನು ಅದೇ ಕ್ರಮದಲ್ಲಿ ಹಂಚುತ್ತಾಳೆ. ಬೇಸಿಗೆಯಲ್ಲಿ ನನಗೂ ಅದನ್ನೇ ಕಲಿಸಿದಳು; ನನ್ನ ಪದವಿಯ ಸಾಲವೂ ಇನ್ನೂ ಇದೆ.

ಹೋದ ಚಳಿಗಾಲದಲ್ಲಿ ಕಾಕು ಹೋದಳು. ಎಷ್ಟೋ ವರ್ಷಗಳ ಹಿಟ್ಟು ಎದೆಗೆ ಇಳಿದಿತ್ತು. ತಂಗಿ ರಜೆ ಹಾಕಿ ಬಂದು ಕೊನೆಯ ದಿನಗಳಲ್ಲಿ ಹತ್ತಿರವೇ ಕೂತಿದ್ದಳು. "ಮಾತಾಡಬ್ಯಾಡ್ರಿ ಕಾಕು, ಉಸರು ಹತ್ತತೈತಿ," ಎಂದರೆ, "ಸುಮ್ನ ಬಿದ್ದುಕೊಂಡ್ರ ಸತ್ತಾಳ ಅಂತ ಗಿರಣಿ ಮಾರ್ತಾರ," ಎಂದು ಉತ್ತರ. ಅವಳ ಮೋಟರಿನ ಹಪ್ತೆ ದೀಪಾವಳಿಗೇ ಮುಗಿದಿತ್ತು. ಮಣ್ಣು ಕೊಟ್ಟು ಬಂದ ಮೇಲೆ ನನಗೆ ಅಳು ಬರಲಿಲ್ಲ, ಹೆದರಿಕೆ ಬಂತು. ಆ ಮಧ್ಯಾಹ್ನದಿಂದಲೂ ನಾನು ಕೋಳಿನಿದ್ದೆ ಮಾಡುತ್ತಿದ್ದೆ. ತಂಗಿ ಊರಿಗೆ ಬಂದಾಗಲಂತೂ ಬಾಗಿಲು ಕಿರ್ ಅಂದರೆ ಎದ್ದು ಕೂರುತ್ತಿದ್ದೆ. ಇನ್ನು ಓಡಿಬರುವವರು ಯಾರು?

ಮುಂದಿನ ತಿಂಗಳು ತಂಗಿ ಬಂದಿದ್ದಳು. ಊಟದ ಹೊತ್ತಿಗೆ ಅವಳಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ನನ್ನ ಕೈಯ ತುತ್ತು ಅಲ್ಲೇ ನಿಂತಿತು. ಅವಳು ಕೂತಲ್ಲೇ ಎತ್ತಿಕೊಂಡು ಮರಾಠಿಯಲ್ಲಿ ನಾಲ್ಕು ಮಾತಾಡಿ ಫೋನು ಪಕ್ಕಕ್ಕಿಟ್ಟಳು.

"ಯಾರವ್ವಾ?" ಎಂದ ಅಪ್ಪ.

"ಯಾರೋ ಕಾರ್ಡ್ ಕೊಡ್ತೀನಿ, ಬೇಕಾದಷ್ಟು ಖರ್ಚು ಮಾಡ್ರಿ ಅಂತಾನ. ನನ್ನ ಮ್ಯಾಲ ಶಿಕ್ಷಣದ ಸಾಲ ಐತಿ, ಅದು ತೀರೂತನಕ ಏನೂ ಬ್ಯಾಡ ಅಂದೆ. ಎಷ್ಟು ಐತಿ ಅಂದ. ಹೇಳಿದೆ. ಅವನೇ ಫೋನ್ ಇಟ್ಟ." ಅವಳು ನಕ್ಕು ಅವ್ವನ ಕಡೆ ತಿರುಗಿದಳು. "ಇನ್ನೊಂದು ರೊಟ್ಟಿ ಹಾಕವ್ವಾ."

ಮರುದಿನ ಅವ್ವ ಅಲುಗಿಸಿ ಎಬ್ಬಿಸಿದಾಗ ಬಿಸಿಲು ನನ್ನ ಹಾಸಿಗೆಯ ಮೇಲೆ ಬಂದಿತ್ತು. ತಂಗಿಯ ಹಾಸಿಗೆ ಮಡಚಿಟ್ಟಿತ್ತು. ಅವಳು ನಸುಕಿನಲ್ಲೇ ಎದ್ದು, ಸ್ನಾನ ಮಾಡಿ, ಬಾಗಿಲು ತೆಗೆದು, ಮೊದಲ ಬಸ್ಸಿಗೆ ಡ್ಯೂಟಿಗೆ ಹೋಗಿದ್ದಳು. ನನಗೆ ಒಂದು ಸದ್ದೂ ಕೇಳಿರಲಿಲ್ಲ.